ಹಳದಿ ಮುಚ್ಚಳ

ಅತ್ತಿಗೆಗೂ ನನಗೂ ಜಗಳ ಅಂತ ಆಗಿದ್ದೇ ಇಲ್ಲ. ಜಗಳವಾಡಲು ಇಬ್ಬರೂ ಬಾಯಿ ತೆಗೆಯಬೇಕು; ನನಗೆ ಅದು ಬಾರದು. ಹಾಗಾಗಿ ನಮ್ಮಿಬ್ಬರ ನಡುವಿನದೆಲ್ಲ ಮೆಟ್ಟಿಲ ಕೆಳಗಿನ ಕತ್ತಲ ಮೂಲೆಯಲ್ಲಿ, ನನ್ನ ಕ್ಯಾನುಗಳ ಮೇಲೆ ನಡೆಯುತ್ತಿತ್ತು.

ನಾಲ್ಕು ಹಳೆಯ ಎಣ್ಣೆ ಕ್ಯಾನುಗಳು. ಎಳೆ ಚಿಗುರು, ಕಳೆ ಸೊಪ್ಪು, ಮೆತ್ತಗಾದ ಹಣ್ಣು ಎಲ್ಲವನ್ನೂ ಹೆಚ್ಚಿ, ಬೆಲ್ಲ ಬೆರೆಸಿ, ಹುಳಿ ಬರಲು ಬಿಟ್ಟು, ಆಮೇಲೆ ತಾರಸಿಯ ಗಿಡಗಳಿಗೆಂದು ಸೋಸಿ ತುಂಬಿಟ್ಟ ರಸ. ಬಿಸಿಲು ತಾಗಬಾರದು, ಅದಕ್ಕೇ ಆ ಮೂಲೆ. ಸೋಸಿದ ಮೇಲೂ ಅದರೊಳಗೆ ಜೀವ ಆಡುತ್ತಿರುತ್ತದೆ, ಗಾಳಿ ಬಿಡುತ್ತಲೇ ಇರುತ್ತದೆ. ಆದ್ದರಿಂದ ನಾನು ಮುಚ್ಚಳ ಹಾಕುವುದಿಲ್ಲ. ಕ್ಯಾನಿನ ಬಾಯಿಗೆ ಬಟ್ಟೆ ಹೊದಿಸಿ ದಾರ ಕಟ್ಟುತ್ತೇನೆ. ಮುಚ್ಚಳಗಳನ್ನು ಎಂದೋ ಕಸಕ್ಕೆ ಹಾಕಿದ್ದೆ.

"ಇದು ಮನೆಯೋ ಮೋರಿಯೋ? ಜನ ಡಿಗ್ರಿ ಮಾಡಿ ಕೆಲಸಕ್ಕೆ ಹೋಗ್ತಾರೆ, ನಿಮ್ಮ ತಂಗಿ ಕೊಳೆತ ಸೊಪ್ಪು ಸಾಕ್ತಾಳೆ," ಎಂದು ಅತ್ತಿಗೆ ಅಣ್ಣನಿಗೆ ಹೇಳುವಳು, ನಾನು ಅಲ್ಲೇ ನಿಂತಿದ್ದರೂ. ಅಣ್ಣ ಪೇಪರಿನ ಪುಟ ತಿರುಗಿಸುವನು. ಅವಳಿಗೆ ನಾನು ಬೇಡ, ನನ್ನ ಕೈ ಬೇಕು. ಪಾತ್ರೆ, ಬಟ್ಟೆ, ನೆಲ, ಎಲ್ಲಕ್ಕೂ.

ಗೊಬ್ಬರದ ಕಷಾಯವನ್ನಂತೂ ಅವಳು ನಿಲ್ಲಿಸಿಯೇಬಿಟ್ಟಿದ್ದಳು. ಮಾಗಿದ ಗೊಬ್ಬರವನ್ನು ಬಟ್ಟೆಯಲ್ಲಿ ಕಟ್ಟಿ ಬಕೆಟ್ಟಿನ ನೀರಿಗೆ ಇಳಿಬಿಟ್ಟು, ಮೀನಿನ ತೊಟ್ಟಿಯ ಪುಟ್ಟ ಪಂಪಿನಿಂದ ಗಾಳಿ ಊದಿಸುತ್ತಿದ್ದೆ. ರಸದಂತೆ ಅದನ್ನು ತೆಗೆದಿಡುವಂತಿಲ್ಲ, ಆದ ದಿನವೇ ಗಿಡದ ಬುಡಕ್ಕೆ ಹೋಗಬೇಕು. ಗಾಳಿ ನಿಂತರೆ ಕೆಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಪಂಪಿನ ಪ್ಲಗ್ಗು ನೆಲದ ಮೇಲಿತ್ತು, ಅದರ ಜಾಗದಲ್ಲಿ ಅತ್ತಿಗೆಯ ಮೊಬೈಲು ಚಾರ್ಜ್ ಆಗುತ್ತಿತ್ತು. ಗಬ್ಬು ನಾರುತ್ತಿದ್ದ ಬಕೆಟ್ಟನ್ನು ನಾನು ಹೊರಗೆ ಚೆಲ್ಲುವಾಗ ಅವಳು ಮೂಗು ಮುಚ್ಚಿಕೊಂಡು, "ನೋಡಿದ್ಯಾ? ನಾನು ನಾತ ಅಂದ್ರೆ ನಿಂಗೆ ಕೋಪ," ಎಂದಳು.

ಇಷ್ಟರಲ್ಲಿ ಊರಾಚೆ ದೊಡ್ಡ ನರ್ಸರಿ ಇಟ್ಟಿರುವ ಹೆಂಗಸು, ಎಲ್ಲರೂ ಯಜಮಾನಿ ಎಂದೇ ಕರೆಯುವವರು, ಇಂಥ ರಸ ಮಾಡಿ ನೋಡಿಕೊಳ್ಳುವವರನ್ನು ಹುಡುಕುತ್ತಿದ್ದಾರೆಂದು ತಿಳಿಯಿತು. ಧೈರ್ಯ ಮಾಡಿ ಹೋದೆ. ಮಾತು ತಡವರಿಸಿತು. ಅವರು ಸಸಿಯ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕತೆ ಬೇಡ. ಭಾನುವಾರ ನಿಮ್ಮನೆಗೆ ಬರ್ತೀನಿ. ಗಿಡ ತೋರಿಸು, ರಸ ತೋರಿಸು. ಸರಿ ಇದ್ರೆ ಕೆಲಸ, ಇಲ್ಲೇ ಒಂದು ರೂಮು."

ಒಳಗಿನಿಂದ ಚಿಲಕ ಹಾಕಬಹುದಾದ ರೂಮು. ಆ ವಾರವೆಲ್ಲ ನಾನು ಆ ಚಿಲಕವನ್ನೇ ಯೋಚಿಸಿದೆ. ಆದರೆ ನಡುವೆ ಜ್ವರ ಬಂದು ಹಾಸಿಗೆ ಹಿಡಿದೆ, ಮೆಟ್ಟಿಲ ಕೆಳಗೆ ಬಗ್ಗಿ ನೋಡಲಾಗಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದವಳು ನೇರ ತಾರಸಿಗೆ ಹೋಗಿ ಸಸಿಗಳನ್ನು ಜೋಡಿಸತೊಡಗಿದೆ. ಅಡುಗೆಮನೆಯಿಂದ ಅಣ್ಣನ ಗೊಣಗಾಟ ಕೇಳುತ್ತಿತ್ತು.

"ಎಣ್ಣೇಲಿ ಇರುವೆ ತೇಲ್ತಾ ಇದೆಯಲ್ಲೇ. ಕ್ಯಾನಿನ ಮುಚ್ಚಳ ಎಲ್ಲಿ?"

"ಎಲ್ಲೋ ಉರುಳಿ ಹೋಗಿದೆ. ಒಂದು ಇರುವೆಗೆ ಯಾಕೆ ಊರು ಒಂದು ಮಾಡ್ತೀರಿ?"

ಯಜಮಾನಿ ಬಂದವರೇ ಟೊಮೆಟೊ ಸಸಿಯ ಎಲೆ ಮಗುಚಿ ನೋಡಿದರು, ಕುಂಡದ ಮಣ್ಣು ಮೂಸಿದರು.

"ರಸ ಎಷ್ಟು ಹಾಕ್ತೀಯ?"

"ಬಕೆಟ್ ನೀರಿಗೆ ಎರಡು ಚಮಚ. ಬಿಸಿಲು ಇಳಿದ ಮೇಲೆ."

"ಹಾಗೇ ಸುರಿದ್ರೆ?"

"ಸುಟ್ಟು ಹೋಗುತ್ತೆ."

"ಹ್ಞೂಂ," ಎಂದರು. ಆ ಒಂದು ಹ್ಞೂಂ ನನಗೆ ಸಾಕಾಗಿತ್ತು. ರಸ ನೋಡಲು ಕೆಳಗಿಳಿದೆವು.

ಅತ್ತಿಗೆ ನಮಗಿಂತ ಮೊದಲೇ ಅಲ್ಲಿದ್ದಳು, ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಉಟ್ಟು. ಪೇಪರು ಹಿಡಿದೇ ಅಣ್ಣನೂ ಬಂದು ನಿಂತಿದ್ದ. "ಮೇಲೆ ಗಿಡ ಚೆನ್ನಾಗೇ ಕಾಣುತ್ತೆ ಮೇಡಂ, ಇದರ ಮೂಲ ನೋಡಿ," ಎನ್ನುತ್ತ ತುದಿಯ ಕ್ಯಾನನ್ನು ಬೆಳಕಿಗೆ ಎಳೆದಳು. ಈಚೆಗೆ ಸೋಸಿದ ರಸ ಅದು. ಅದರ ಬಾಯಿಗೆ ನಾನು ಕಟ್ಟಿದ್ದ ಬಟ್ಟೆ ಇರಲಿಲ್ಲ, ಹಳದಿ ಮುಚ್ಚಳವಿತ್ತು. ಕ್ಯಾನಿನ ಪಕ್ಕೆಗಳು ಬಿರಿಯುವಂತೆ ಉಬ್ಬಿದ್ದವು.

"ನಿಧಾನ, ಅತ್ತಿಗೆ..." ಎಂದೆ.

"ನೀನು ಸುಮ್ನಿರು. ದೊಡ್ಡೋರು ಮಾತಾಡ್ತಾ ಇದೀವಿ."

ಸುಮ್ಮನಾದೆ. ಈ ಮನೆಯಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಅದೊಂದೇ. ಎರಡನೇ ಸಲ ಹೇಳಲು ಸಮಯವಿತ್ತು. ಹೇಳಲಿಲ್ಲ.

ಅತ್ತಿಗೆ ತಿರುಗಿಸುತ್ತಿದ್ದಂತೆ ಮುಚ್ಚಳ ಅವಳ ಕೈಯಿಂದ ಹಾರಿ ಮೆಟ್ಟಿಲ ಅಡಿಗೆ ಬಡಿಯಿತು. ಹಿಂದೆಯೇ ಹಸಿರು ನೊರೆ ನುಗ್ಗಿ ಅತ್ತಿಗೆಯ ಮುಖ, ಕೂದಲು, ಬಿಳಿ ಬಟ್ಟೆ, ಗೋಡೆ ಯಾವುದನ್ನೂ ಬಿಡಲಿಲ್ಲ. ಅವಳ ಕಿರುಚಾಟದ ನಡುವೆ ಯಜಮಾನಿ ತಿರುಗಿದ್ದು ನನ್ನ ಕಡೆಗೆ.

"ಹುಳಿ ಬರ್ತಾ ಇರೋ ರಸಕ್ಕೆ ಬಿರಡೆ ಬಿಗಿದಿದ್ದೀಯಾ? ಯಾರ ಕಣ್ಣಿಗಾದರೂ ಬಡಿದಿದ್ರೆ? ನಂಗೆ ಬೇಡಮ್ಮ ನಿನ್ನ ಸಹವಾಸ." ಅವರು ಚಪ್ಪಲಿ ಹುಡುಕತೊಡಗಿದರು.

ಅತ್ತಿಗೆ ಮುಖ ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. ಗಲ್ಲದಿಂದ ರಸ ತೊಟ್ಟಿಕ್ಕುತ್ತಿದ್ದರೂ ತುಟಿಯಂಚಿನಲ್ಲಿ ನಗು ಬಂದಿತ್ತು. ಆ ನಗು ಕಂಡೆ. ಮುಚ್ಚಳ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಎಣ್ಣೆ ಕ್ಯಾನಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಹಾಗೇ ತಂದು ಎಲ್ಲರ ಮುಂದೆ ಇಟ್ಟು, ಹಾಳೆ ಕಿತ್ತು, ಮುಚ್ಚಳ ತಿರುಗಿಸಿದೆ. ಸಲೀಸಾಗಿ ಕೂತಿತು.

"ಇದು ನಂದಲ್ಲ. ನನ್ನ ಕ್ಯಾನುಗಳಿಗೆಲ್ಲ ಬಟ್ಟೆ ಕಟ್ತೀನಿ, ಉಳಿದ ಮೂರೂ ನೋಡಿ," ಎಂದೆ. ಈ ಸಲ ಅಲ್ಲಿಗೇ ನಿಲ್ಲಿಸಲಿಲ್ಲ. "ಅಣ್ಣ, ಮುಚ್ಚಳ ಎಲ್ಲಿ ಅಂತ ಬೆಳಿಗ್ಗೆ ಕೇಳ್ತಿದ್ದೆಯಲ್ಲ. ಇಲ್ಲಿದೆ."

ಅಣ್ಣ ಹೆಂಡತಿಯನ್ನು ನೋಡಿದ. "ನೀನು ಹಾಕಿದ್ದಾ?"

"ಹ್ಞೂಂ, ಹಾಕಿದೆ! ನಾತ ತಡೀಲಾರದೆ ಹಾಕಿದೆ. ಈ ಮನೇಲಿ ಉಸಿರಾಡೋ ಹಕ್ಕೂ ನಂಗಿಲ್ವಾ?"

ಯಜಮಾನಿ ಮೂರೂ ಬಟ್ಟೆಗಳನ್ನು ಎತ್ತಿ ಮೂಸಿ ನೋಡಿದರು. ಮತ್ತೆ ನನ್ನನ್ನೇ ದಿಟ್ಟಿಸಿದರು. "ಕ್ಯಾನು ಉಬ್ಬಿದ್ದು ನಿಂಗೆ ಕಾಣಿಸ್ತು. ಎರಡನೇ ಸಲ ಯಾಕೆ ಕೂಗಲಿಲ್ಲ?"

ನನ್ನಲ್ಲಿ ಉತ್ತರವಿತ್ತು. ಅದನ್ನು ಹೇಳುವಂತಿರಲಿಲ್ಲ.

"ನನ್ನ ಹತ್ರ ಕೆಲಸ ಮಾಡೋರು ಕೂಗಬೇಕು. ನಾಳೆ ಬಾ," ಎಂದು ಚಪ್ಪಲಿ ಮೆಟ್ಟಿದರು. ಬಾಗಿಲಲ್ಲಿ ಅತ್ತಿಗೆಯ ಕಡೆ ತಿರುಗಿ, "ಬೇಗ ತಲೆಗೆ ನೀರು ಹಾಕ್ಕೊಳ್ಳಿ. ನೀರು ಬೆರೆಸದ ರಸ ಅದು, ಗಿಡಾನೇ ಸುಡುತ್ತೆ," ಎಂದರು. ನಗಲಿಲ್ಲ.

ಮರುದಿನ ನಾನು ಹೊರಟಾಗ ಅತ್ತಿಗೆ ಸಿಂಕಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತಿರುಗಿ ನೋಡಲಿಲ್ಲ.

"ಹೋಗು, ಹೋಗು. ನಾಲ್ಕು ದಿನ ಆಗ್ಲಿ, ಅಳ್ತಾ ಬರ್ತೀಯ. ಆಗ ಬಾಗಿಲು ತೆಗೆಯೋಳು ನಾನೇ, ನೆನಪಿರಲಿ."

ಎಣ್ಣೆ ಕ್ಯಾನು ಅವಳ ಪಕ್ಕದ ಕಟ್ಟೆಯ ಮೇಲಿತ್ತು. ಮುಚ್ಚಳವನ್ನು ನಾನು ರಾತ್ರಿಯೇ ಸೋಪು ಹಾಕಿ ತೊಳೆದಿಟ್ಟಿದ್ದೆ. ಅದನ್ನು ಕ್ಯಾನಿಗೆ ಇಟ್ಟು ತಿರುಗಿಸಿದೆ. ಕೈ ಕೆಂಪಾಗುವವರೆಗೆ, ಇನ್ನು ತಿರುಗದು ಎನ್ನುವವರೆಗೆ. ಆಮೇಲೆ ಇನ್ನೊಂದು ಸುತ್ತು.