ಮೂವತ್ತೆರಡು ಡಿಸ್ಕು, ಒಂದು ಗೋಣಿಚೀಲ

"ಆ ಚೀಲ ಕೆಳಗಿಡು. ಇಲ್ಲಾಂದ್ರೆ ಈ ಕತ್ತರಿಗೆ ಮೊದಲು ನಿನ್ನ ಮೀಸೆ ಹೋಗುತ್ತೆ."

"ಹೋಗ್ಲಿ ಅತ್ತಿಗೆ, ಮೀಸೆ ಮತ್ತೆ ಬೆಳೆಯುತ್ತೆ. ಈ ಗುಜರಿ ಮಾತ್ರ ಇವತ್ತು ಇಲ್ಲಿಂದ ಹೋಗ್ಲೇಬೇಕು."

ಅವನು ನನ್ನ ಮೈದುನ, ನಮ್ಮ ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರ್. ಗುಜರಿ ಅಂದದ್ದು ನನ್ನ ಮೂವತ್ತೆರಡು ಸಿ.ಡಿ.ಗಳನ್ನು. ದಾರದ ಉಂಡೆ ಇಡಲು ಕಪಾಟಿನಲ್ಲಿ ಜಾಗ ಬೇಕೆಂದು, ನಾನು ಬರುವಷ್ಟರಲ್ಲಿ ಅವನ್ನೆಲ್ಲ ಗೋಣಿಚೀಲಕ್ಕೆ ತುಂಬಿದ್ದ. ಫೋನಿನಲ್ಲಿ ಲಕ್ಷಗಟ್ಟಲೆ ಹಾಡುಗಳಿವೆ, ಧ್ವನಿಯೂ ಇದಕ್ಕಿಂತ ಚೆನ್ನ ಎಂಬುದು ಅವನ ವಾದ. ನನ್ನ ಡಿಸ್ಕಿನ ಮುಂದೆ ಫೋನಿನ ಹಾಡು ನೀರು ಬೆರೆಸಿದ ಹಾಲು ಎಂಬುದು ನನ್ನದು.

ನಮ್ಮ ಕೆಲಸ ನಡೆಯುವುದೇ ಡಿಸ್ಕಿನ ಲೆಕ್ಕದಲ್ಲಿ. ಒಂದು ಡಿಸ್ಕು ಮುಗಿಯುವುದಕ್ಕೂ ನನ್ನ ಒಂದು ಅಂಗಿ ಮುಗಿಯುವುದಕ್ಕೂ ಸರಿಹೋಗುತ್ತದೆ. ಹಾಡು ನಿಂತಾಗ ನಾನು ಬೆನ್ನು ನೆಟ್ಟಗೆ ಮಾಡಿ ನೀರು ಕುಡಿಯುತ್ತೇನೆ, ನಮ್ಮವರು ಅಂಗಿಯನ್ನು ಇಸ್ತ್ರಿಗೆ ಒಯ್ಯುತ್ತಾರೆ, ಮೈದುನ ಕತ್ತರಿಸಿದ ಬಟ್ಟೆಯ ಮುಂದಿನ ಕಟ್ಟನ್ನು ತಂದು ಮಿಷನ್ ಪಕ್ಕ ಇಡುತ್ತಾನೆ. ಇಷ್ಟು ವರ್ಷ ಗಡಿಯಾರ ನೋಡಿದವರಿಲ್ಲ.

ಕೊನೆಗೆ ನಮ್ಮವರು ಪಂಚಾಯಿತಿಗೆ ಬಂದರು. ಒಂದೇ ಸ್ಪೀಕರಿಗೆ ನನ್ನ ಸಿ.ಡಿ. ಪ್ಲೇಯರು, ಅವನ ಫೋನು ಎರಡನ್ನೂ ಸಿಕ್ಕಿಸಿ, ಬಟ್ಟೆ ತೊಟ್ಟು ನೋಡುವ ಪರದೆಯ ಹಿಂದೆ ನಿಂತು, ಒಂದೇ ಹಾಡನ್ನು ಮೂರು ಸಲ ಹಾಕುವುದು. ಯಾವುದು ಡಿಸ್ಕು, ಯಾವುದು ಫೋನು ಎಂದು ನಾನು ಹೇಳಬೇಕು. ಸೋತರೆ ಸಂಜೆಯೊಳಗೆ ಚೀಲ ಗುಜರಿಗೆ. ಎದೆ ತಟ್ಟಿಕೊಂಡು ಒಪ್ಪಿದೆ.

ಮೂರಕ್ಕೆ ಮೂರೂ ತಪ್ಪು.

ಸ್ಪೀಕರೇ ಸರಿಯಿಲ್ಲ ಎಂದು ಹಾರಾಡಿದೆ. ಅದು ಬರೀ ಬಾಯಿಮಾತು. ನನ್ನ ಕಿವಿಗೆ ಕೂದಲೆಳೆಯ ವ್ಯತ್ಯಾಸವೂ ಗೊತ್ತಾಗಿರಲಿಲ್ಲ.

ಫೋನು ಹಾಡತೊಡಗಿತು. ಒಂದಾದ ಮೇಲೊಂದು, ನಿಲ್ಲುವ ಮಾತೇ ಇಲ್ಲ. ನಾನು ತಲೆ ಎತ್ತದೆ ಸಿಟ್ಟೆಲ್ಲ ಮಿಷನ್ ಮೇಲೆ ತೀರಿಸುತ್ತಿದ್ದೆ. ಕೈಲಿದ್ದ ಅಂಗಿ ಮುಗಿಯುವ ಮೊದಲೇ ಮೈದುನ ಅಂದಾಜಿನ ಮೇಲೆ ಮುಂದಿನ ಕಟ್ಟು ತಂದಿಟ್ಟ. ಕೈಗೆ ಸಿಕ್ಕಿದ ತೋಳು ಜೋಡಿಸಿದೆ. ನಮ್ಮವರು ಅಂಗಿಯನ್ನು ಎತ್ತಿ ಹಿಡಿದರು. ಒಂದು ತೋಳು ಬಿಳಿ, ಇನ್ನೊಂದು ಗೀಟುಗೀಟು.

"ಇದು ಯಾವ ಸರ್ಕಸ್ಸಿನವನದು?" ಎಂದು ಕೇಳಿದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಕ್ಕ ಮೇಲೆ ಮೈದುನ ನನ್ನನ್ನು ರಮಿಸಲು ನನಗಿಷ್ಟದ ಪಿಟೀಲಿನ ಆಲ್ಬಂ ಫೋನಿನಲ್ಲಿ ಹುಡುಕಿದ. ಅವನ ಪುಟ್ಟ ಮಗಳೂ ಮಧ್ಯಾಹ್ನ ಆ ಪಿಟೀಲು ಕೇಳದೆ ಕಣ್ಣು ಮುಚ್ಚುವುದಿಲ್ಲ. ಪಟ್ಟಿಯಲ್ಲಿ ಹೆಸರುಗಳೇನೋ ಇದ್ದವು, ಆದರೆ ಎಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಒತ್ತಿದರೆ, ಈಗ ಲಭ್ಯವಿಲ್ಲ ಎಂಬ ಒಂದು ಸಾಲು. ಫೋನು ಆಫ್ ಮಾಡಿ ಆನ್ ಮಾಡಿದ. ಅದೇ ಸಾಲು.

"ತಿಂಗಳು ತಿಂಗಳೂ ದುಡ್ಡು ಕಟ್ತೀನಲ್ಲ ಅತ್ತಿಗೆ."

"ನೀನು ಕಟ್ಟಿದ್ದು ಬಾಡಿಗೆ ಮಾರಾಯ. ಓನರು ಬೀಗ ಜಡಿದಿದ್ದಾನೆ."

ಅವನ ಕಣ್ಣು ಚೀಲದ ಕಡೆ ಹೋಯಿತು. ಆ ಪಿಟೀಲು ಅದರೊಳಗಿದೆ ಎಂದು ಇಬ್ಬರಿಗೂ ಗೊತ್ತು, ತುಂಬಿದವನೇ ಅವನು. ಚೀಲದ ಬಾಯಿ ಮುಟ್ಟಿ ಕೈ ಹಿಂದೆಗೆದ. ನಾನೇನೂ ಅಂಥ ದೊಡ್ಡ ಮನಸ್ಸಿನವಳಲ್ಲ. ಗೀಟಿನ ತೋಳು ಪೂರ್ತಿ ಬಿಚ್ಚುವ ತನಕ ಸತಾಯಿಸಿ, ಆಮೇಲೆ ಹೇಳಿದೆ.

"ಹುಡುಕ್ಕೋ. ತೆಗೆದದ್ದನ್ನೆಲ್ಲ ಕಪಾಟಲ್ಲಿ ಜೋಡಿಸ್ತಾ ಹೋಗು."

ಒಂದೊಂದೇ ತೆಗೆದು ಒರೆಸಿ ಜೋಡಿಸಿದ. ಪಿಟೀಲು ಸಿಕ್ಕಿದ್ದು ಮೂವತ್ತೊಂದನೆಯದಾಗಿ. ಅಷ್ಟರಲ್ಲಿ ಕಪಾಟು ಮೊದಲಿನಂತೆ ತುಂಬಿತ್ತು. ಉಳಿದ ಒಂದನ್ನೂ ತಾನೇ ಇಟ್ಟು, ಖಾಲಿ ಚೀಲ ಮಡಚಿದ.

ಆಮೇಲೆ ತಲೆ ಕೆರೆದುಕೊಂಡ. ಅವನ ಮನೆಯಲ್ಲಿ ಡಿಸ್ಕು ಹಾಕಲು ಏನೂ ಇರಲಿಲ್ಲ. ನಾನೇ ಪ್ಲೇಯರಿನ ವೈರು ಕಿತ್ತು ಅವನ ಕಡೆ ತಳ್ಳಿದೆ.

"ಮಗು ಮಲಗಿದ ತಕ್ಷಣ ತಂದುಬಿಡ್ತೀನಿ ಅತ್ತಿಗೆ. ಸಂಜೆಯೊಳಗೆ."

ಪ್ಲೇಯರನ್ನು ಕಂಕುಳಲ್ಲಿ ಇರುಕಿಕೊಂಡು, ಡಿಸ್ಕನ್ನು ಬಿಸಿ ತಟ್ಟೆಯಂತೆ ಹಿಡಿದು ಹೊರಟ. ನಾವು ಅಂಗಡಿಯ ಬಾಗಿಲು ಎಳೆಯುವ ತನಕವೂ ಅವನು ತಿರುಗಿ ಬರಲಿಲ್ಲ.