ಗ್ಯಾರೇಜ್ ದಾಟಿದ ದನಿ

ಬೆಳಿಗ್ಗೆ ಆರೂವರೆಗೆ ಲಾಫಾ ಗ್ಯಾರೇಜಿನ ಬಾಗಿಲು ಮೇಲಕ್ಕೆತ್ತಿದಾಗ ಮನೆಯ ಮುಂದಿನ ಹುಲ್ಲಿನ ಮೇಲೆ ಒಂದು ಚಾಪೆ ಮಂಡಿಯೂರಿ ಕೂತಿತ್ತು.

ಕೂದಲಿನಷ್ಟು ತೆಳ್ಳಗೆ ಸೀಳಿದ ಎಲೆಯಲ್ಲಿ ನೇಯ್ದು ಅಂಚಿಗೆ ಕೆಂಪು ಗರಿ ಕಟ್ಟಿದ ಚಾಪೆ. ಮದುವೆಗೋ ಸಾವಿಗೋ ಬಿಟ್ಟರೆ ಪೆಟ್ಟಿಗೆಯಿಂದ ಆಚೆ ಬರದಂಥದ್ದು. ಅದರ ಕೆಳಗೆ ಒಬ್ಬ ಮನುಷ್ಯ, ತಲೆ ಬಗ್ಗಿಸಿ, ಸದ್ದಿಲ್ಲದೆ. ರಸ್ತೆಯಂಚಿಗೆ ಒಂದು ಬಿಳಿ ವ್ಯಾನು.

ಇಫೋಂಗ. ಮಾಂಗೆರೆ ಬಡಾವಣೆಗೆ ದ್ವೀಪದಿಂದ ವಲಸೆ ಬಂದ ಯಾವ ಸಮೋವನ್ ಮನೆಯಲ್ಲೂ ಅದನ್ನು ಬಿಡಿಸಿ ಹೇಳಬೇಕಿಲ್ಲ. ತಪ್ಪು ಮಾಡಿದ ಕಡೆಯವರು ಬೆಳಕು ಹರಿಯುವ ಮೊದಲೇ ಬಂದು ಹೀಗೆ ಕೂರುತ್ತಾರೆ. ಅನ್ಯಾಯವಾದವರು ಬಂದು ಚಾಪೆ ಎತ್ತಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಆ ಮಾತು ಎತ್ತುವ ಹಾಗಿಲ್ಲ. ಎತ್ತದಿದ್ದರೆ ಕೂತವರು ಕೂತೇ ಇರುತ್ತಾರೆ.

‘ಬಂದೆಯಲ್ಲ, ನಾಯಿ,’ ಅಂದುಕೊಂಡ ಲಾಫಾ. ಎಂಟು ದಿನದಿಂದ ಜೊತೆಗಾರ ಸೆಮಿಸಿಗೆ ಹೇಳಲೆಂದು ಒಂದೊಂದೇ ಬೈಗುಳ ಆರಿಸಿ ಇಟ್ಟುಕೊಂಡಿದ್ದ. ಬರಿಗಾಲಲ್ಲಿ ಇಬ್ಬನಿ ತುಳಿಯುತ್ತ ಹತ್ತಿರ ಹೋದವನು ಚಾಪೆಯ ಹಿಂದಿನ ಅಂಚಲ್ಲಿ ಚಾಚಿದ್ದ ಪಾದಗಳನ್ನು ನೋಡಿ ನಿಂತ. ಚರ್ಚಿಗೆ ಹಾಕುವ ಕಪ್ಪು ಚಪ್ಪಲಿ. ಊದಿದ ಹಿಮ್ಮಡಿ. ಎಡಗಾಲಿಗೆ ಬಿಳಿ ಬ್ಯಾಂಡೇಜು.

ಸೆಮಿಸಿ ಅಲ್ಲ. ಸೆಮಿಸಿಯನ್ನು ಸಾಕಿ ಬೆಳೆಸಿದ ಸೋದರಮಾವ ಫಾಲೆನಿಕೊ. ಎಪ್ಪತ್ತು ದಾಟಿದವರು, ಮನೆತನದ ಯಜಮಾನಿಕೆಯ ಬಿರುದು ಹೊತ್ತವರು. ವ್ಯಾನಿನ ಸ್ಟೀರಿಂಗ್ ಹಿಂದೆ ಅವರ ಮಗಳು ಲೂಪೆ ಮುಖ ಮುಚ್ಚಿಕೊಂಡು ಕೂತಿದ್ದಳು.

ಲಾಫಾನ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ. ತಿರುಗಿ ಬಂದು ಗ್ಯಾರೇಜಿನ ಬಾಗಿಲನ್ನು ದಢಾರನೆ ಎಳೆದು ಹಾಕಿದ.

ಆ ಗ್ಯಾರೇಜೇ ಅವನ ಸ್ಟುಡಿಯೋ, ಅದೇ ಅವನ ಕಂಪನಿ, ಅದೇ ಅವನ ಹಾಸಿಗೆ. ಗೋಡೆಗೆ ಯಾರೋ ಬಿಸಾಡಿದ ಕಾರ್ಪೆಟ್ಟು ಹೊಡೆದಿದ್ದ. ಹದಿನೈದಕ್ಕೆ ಶಾಲೆ ಬಿಟ್ಟು, ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಹೊರೆ ಹೊತ್ತು ಒಂದೊಂದಾಗಿ ಕೂಡಿಸಿದ ಕಂಪ್ಯೂಟರು, ಕೀಬೋರ್ಡು, ಮೈಕು. ಮನೆಯ ಮೇಲೆಯೇ ವಿಮಾನಗಳು ಇಳಿಯುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಿಗುವುದು ನಾಲ್ಕು ನಿಮಿಷ. ಹಾಡುವವರು ಅಷ್ಟರಲ್ಲೇ ಹಾಡಿ ಮುಗಿಸಬೇಕು. ಅದಕ್ಕೇ ಲಾಫಾ ಮತ್ತು ಸೆಮಿಸಿ ತಮ್ಮ ಸಂಗೀತದ ಲೇಬಲ್ಲಿಗೆ ‘ನಾಲ್ಕು ನಿಮಿಷ’ ಎಂದೇ ಹೆಸರಿಟ್ಟಿದ್ದರು. ಹನ್ನೊಂದು ಹಾಡು ಹೊರಗೆ ಬಿಟ್ಟಿದ್ದರು. ಎಲ್ಲವೂ ಹಾರ್ನುಗಳಿಗಾಗಿ ಮಾಡಿದ್ದು. ಇಲ್ಲಿನ ಹುಡುಗ ಹುಡುಗಿಯರು ಸೈಕಲ್ಲಿಗೆ ನಾಲ್ಕು, ಕಾರಿಗೆ ಇಪ್ಪತ್ತು ಹಾರ್ನ್ ಸ್ಪೀಕರು ಕಟ್ಟಿಕೊಂಡು, ಯಾರ ಸದ್ದು ಯಾರದನ್ನು ನುಂಗುತ್ತದೆ ನೋಡೋಣ ಎಂದು ಪಾರ್ಕಿನಲ್ಲಿ ಪಂದ್ಯ ಕಟ್ಟುತ್ತಾರೆ. ಹಾರ್ನಿಗೆ ತಗ್ಗಿನ ಬೇಸ್ ದನಿ ಕೊಟ್ಟರೆ ಗೊರಗೊರ ಅನ್ನುತ್ತದೆ. ಕೆಳಗಿನದನ್ನೆಲ್ಲ ಕತ್ತರಿಸಿ ಎಸೆದು ನಡುವಿನ ದನಿಯನ್ನು ಬ್ಲೇಡಿನ ಹಾಗೆ ಮಸೆಯಬೇಕು. ಆ ಮಸೆಯುವ ಕೆಲಸದಲ್ಲಿ ಸೆಮಿಸಿಯನ್ನು ಮೀರಿಸುವವರು ಇರಲಿಲ್ಲ. ಲಾಫಾ ಅವನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ‘ಊಸೊ’ ಅನ್ನುತ್ತಿದ್ದ, ಒಡಹುಟ್ಟಿದವನಿಗೆ ಅನ್ನುವ ಹಾಗೆ.

ಹೋದ ವರ್ಷ ಒಂದು ಮಧ್ಯಾಹ್ನ ಲಾಫಾನ ಅಜ್ಜಿ ತಾನೇ ಗ್ಯಾರೇಜಿಗೆ ಬಂದಿದ್ದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಫ್ಯಾನ್ ಆರಿಸಿ ಎಂದಳು. ಮೇಲಿನ ವಿಮಾನ ಇಳಿದು ಹೋಗುವವರೆಗೂ ಕಾದು, ಒಂದು ಹಾಡು ಹಾಡಿದಳು. ಸವಾಯಿ ದ್ವೀಪದ ಹಳ್ಳಿಯಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ ಹೆತ್ತ ಮೊದಲ ಮಗು ಹದಿನಾರನೆಯ ದಿನ ತೀರಿಕೊಂಡಾಗ ಅದನ್ನು ಮಡಿಲಲ್ಲಿಟ್ಟುಕೊಂಡು ತಾನೇ ಕಟ್ಟಿದ್ದು. ಮಗುವಿನ ಹೆಸರು ಫೆಟು. ಲಾಫಾನ ತಾಯಿಗೂ ಅವಳು ಅದನ್ನು ಹಾಡಿ ಕೇಳಿಸಿರಲಿಲ್ಲ.

“ನಾನು ಹೋದ್ರೆ ಈ ಹಾಡೂ ಹೋಗತ್ತೆ. ಅದಕ್ಕೆ ನಿಮ್ಮ ಪೆಟ್ಟಿಗೇಲಿ ಇಟ್ಕೊಳ್ಳಿ,” ಎಂದಿದ್ದಳು. “ಆದ್ರೆ ಇದು ಈ ಬಾಗಿಲು ದಾಟಬಾರದು. ಇಬ್ರೂ ಹೇಳಿ.”

ಇಬ್ಬರೂ ಅವಳ ಮೊಣಕಾಲು ಮುಟ್ಟಿ ಮಾತು ಕೊಟ್ಟಿದ್ದರು. ಜೂನ್‌ನಲ್ಲಿ ಅಜ್ಜಿ ತೀರಿಕೊಂಡಳು. ಆಗಸ್ಟ್‌ನಲ್ಲಿ ಸೆಮಿಸಿ, ಸಿಡ್ನಿಯ ಒಂದು ದೊಡ್ಡ ಕಂಪನಿ ಕರೆದಿದೆ ಎಂದು ಹೊರಟ. ಎಂಟು ದಿನದ ಹಿಂದೆ ಅವನ ಹೊಸ ಹಾಡು ಬಂತು. ಅಜ್ಜಿಯ ದನಿ. ಮಗುವಿನ ಹೆಸರನ್ನು ತುಂಡು ತುಂಡು ಮಾಡಿ ತಾಳಕ್ಕೆ ಕೂರಿಸಿದ್ದ. ಫೆ-ಫೆ-ಫೆಟು, ಫೆ-ಫೆ-ಫೆಟು. ಅವಳ ಮುದಿ ದನಿ ಹಾರ್ನಿಗೆಂದೇ ಹುಟ್ಟಿದ ಹಾಗಿತ್ತು, ಅರ್ಧ ಮೈಲಿ ಹೋಗುತ್ತಿತ್ತು. ಒಂದೇ ವಾರದಲ್ಲಿ ಮಾಂಗೆರೆಯ ಸೈಕಲ್ಲುಗಳ ಬಾಯಲ್ಲೆಲ್ಲ ಅದೇ.

ಲಾಫಾ ಆ ಕಂಪನಿಗೆ ದಿನಕ್ಕೊಂದು ಪತ್ರ ಬರೆದ. ಹಾಡು ತೆಗೆದುಹಾಕಿ, ಆ ದನಿ ನಿಮ್ಮದಲ್ಲ ಎಂದು. ‘ನಿಮ್ಮ ಸಂದೇಶ ತಲುಪಿದೆ’ ಎಂದು ಯಂತ್ರ ಉತ್ತರ ಕೊಡುತ್ತಿತ್ತು. ಬಿಡುವುದಿಲ್ಲ ಎಂದು ಹಟ ತೊಟ್ಟಿದ್ದ. ಈಗ ಅಂಗಳದಲ್ಲಿ ಚಾಪೆ. ಅದನ್ನು ಎತ್ತಿದರೆ ಪತ್ರವೂ ಇಲ್ಲ, ಜಗಳವೂ ಇಲ್ಲ. ಅಜ್ಜಿಯ ದನಿ ಬೀದಿಯ ಪಾಲು.

ಅಡುಗೆಮನೆಯ ಕಿಟಕಿಯ ಪರದೆ ಸರಿಸಿ ಅವನ ತಾಯಿ ಟಿರೇಸಾ ನೋಡುತ್ತಿದ್ದಳು.

“ಯಾರೋ ಅದು?”

“ಫಾಲೆನಿಕೊ ಮಾವ.”

“ಅಯ್ಯೋ ದೇವ್ರೇ! ಆ ಕಾಲಿಟ್ಕೊಂಡಾ? ಹೋಗಿ ಎತ್ತೋ ಮೊದ್ಲು.”

“ಎತ್ತಲ್ಲ.”

“ಲಾಫಾ.”

“ಎತ್ತಲ್ಲ ಅಂದೆ ಅಲ್ವಾ. ಕದ್ದೋನು ಸಿಡ್ನೀಲಿ ಹಲ್ಲು ಕಿರೀತಾ ಫೋಟೋ ತೆಗೆಸ್ಕೋತಾನೆ, ಇಲ್ಲಿ ಮುದುಕರನ್ನ ತಂದು ಒದ್ದೆ ಹುಲ್ಲಲ್ಲಿ ಕೂರಿಸ್ತಾರೆ. ಅಷ್ಟು ಸುಲಭಾನಾ? ನಿಂಗೆ ಬೇಕಾದ್ರೆ ನೀನೇ ಎತ್ತು. ನಿನ್ನಮ್ಮ ತಾನೆ ಅವಳು.”

ಟಿರೇಸಾ ಕೈಯಲ್ಲಿದ್ದ ಸೌಟನ್ನು ಕುಕ್ಕಿದಳು. “ಎಂಟು ದಿನದಿಂದ ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದ್ದು ನಾನಾ? ಅವಳು ಹಾಡಿದ್ದು ನಿನ್ನ ಮೈಕಿಗೆ. ಮಾತು ತಗೊಂಡಿದ್ದು ನಿನ್ನ ಹತ್ರ. ನೀನು ಎತ್ತದೆ ನಾನು ಎತ್ತಿದ್ರೆ ಅದು ಎತ್ತಿದ ಹಾಗಲ್ಲ. ನಿನ್ ಮಂಡೇಲಿ ಅಷ್ಟೂ ಇಲ್ವೇನೋ?”

ಏಳಾಯಿತು. ಎಂಟಾಯಿತು. ಸಣ್ಣಗೆ ಮಳೆ ಹನಿಯಿತು, ನಿಂತಿತು. ಆಚೆ ಮನೆಯವರು ಬೇಲಿಯ ಹತ್ತಿರ ಬಂದು, ನೋಡಿ, ಟೋಪಿ ತೆಗೆದು ಒಳಗೆ ಹೋದರು. ವಿಮಾನಗಳು ಒಂದರ ಹಿಂದೊಂದು ಇಳಿದವು, ಪ್ರತಿ ಸಲವೂ ಚಾಪೆಯ ಗರಿಗಳು ನಡುಗಿದವು. ಕೆಳಗಿನ ಮನುಷ್ಯ ಮಾತ್ರ ಅಲುಗಲಿಲ್ಲ. ಒಂದು ಸಲ ಮಾತ್ರ ಚಾಪೆ ಎಡಕ್ಕೆ ವಾಲಿತು. ವ್ಯಾನಿನ ಬಾಗಿಲು ತೆರೆದುಕೊಂಡಿತು. ಚಾಪೆ ಮತ್ತೆ ನೆಟ್ಟಗಾಯಿತು. ಬಾಗಿಲು ಮುಚ್ಚಿಕೊಂಡಿತು.

ಗ್ಯಾರೇಜಿನ ಸಂದಿಯಿಂದ ನೋಡುತ್ತಿದ್ದ ಲಾಫಾನಿಗೆ ಮುದುಕರ ಮೇಲೂ ಸಿಟ್ಟು ಬಂತು. ಯಾಕೆ ಬರಬೇಕಿತ್ತು ಇವರು? ಯಾರು ಕರೆದಿದ್ದರು? ಒಂಬತ್ತಕ್ಕೆ ಅವನು ಫೋನು ಹಿಡಿದು ಹೊರಗೆ ಬಂದ. ಚಾಪೆಯ ಮುಂದೆ ನಿಂತು ಸೆಮಿಸಿಗೆ ವೀಡಿಯೊ ಕರೆ ಹಚ್ಚಿದ.

ನಿದ್ದೆಗಣ್ಣಿನ ಮುಖ ಮೂಡಿತು. “ಊಸೊ? ನೀನಾ? ಎಂಟು ದಿನದಿಂದ ನನ್ನ ಫೋನೇ ಎತ್ತಿಲ್ಲ…”

“ಊಸೊ ಅನ್ಬೇಡ. ನೋಡು.” ಫೋನನ್ನು ಚಾಪೆಯ ಕಡೆ ತಿರುಗಿಸಿದ.

“ಏನದು?”

“ನಿನ್ನ ಮಾನ ಕಣೋ. ಎರಡೂವರೆ ಗಂಟೆಯಿಂದ ನನ್ನ ಹುಲ್ಲಿನ ಮೇಲೆ ಬಿದ್ದಿದೆ.”

ಸೆಮಿಸಿ ಎದ್ದು ಕೂತ. “ಎತ್ತೋ ಮಾರಾಯ. ಕಾಲಿಗೆ ಬೀಳ್ತೀನಿ. ಅವರಿಗೆ ಸಕ್ಕರೆ ಕಾಯಿಲೆ, ಕಾಲು ಗಾಯ ಆಗಿದೆ.”

“ಗೊತ್ತಿದ್ದೂ ಕಳಿಸಿದ್ಯಾ?”

“ನಾನೆಲ್ಲಿ ಕಳಿಸ್ದೆ? ಶನಿವಾರ ಶೋ ಇದೆ, ಮುಗಿಸ್ಕೊಂಡು ಬರ್ತೀನಿ ಅಂದೆ. ಅವರೇ ಕಾಯಲ್ಲ ಅಂದ್ರು. ಲಾಫಾ, ಆ ಹಾಡನ್ನ ಅಷ್ಟು ಜನ ಕೇಳ್ತಿದಾರೆ, ಅಜ್ಜಿಗೆ ಇದು ಮರ್ಯಾದೆ ಅಲ್ವೇನೋ? ಇಲ್ಲದಿದ್ರೆ ಗ್ಯಾರೇಜಲ್ಲಿ ಕೊಳೀತಾ ಇರ್ತಿತ್ತು.”

“ಕೊಳೀಲಿ ಅಂತಾನೇ ಅವಳು ಇಟ್ಟಿದ್ದು!” ಲಾಫಾನ ದನಿ ಒಡೆಯಿತು. “ನೋಡು, ಸರಿಯಾಗಿ ನೋಡು. ಮುಖ ನೋಡ್ತೀಯಾ? ನೋಡು!” ಮಂಡಿಯೂರಿ, ಚಾಪೆಯ ಅಂಚನ್ನು ಒಂದು ಬೆರಳಷ್ಟು ಸರಿಸಿ, ಫೋನನ್ನು ಒಳಕ್ಕೆ ತೂರಿಸಿದ.

ಒಳಗಿನಿಂದ ಒಂದು ಕೈ ಬಂತು. ಮಚ್ಚೆ ಬಿದ್ದ ಮುದಿ ಕೈ. ಅದು ಫೋನನ್ನು ತಳ್ಳಲಿಲ್ಲ. ಚಾಪೆಯ ಅಂಚನ್ನಷ್ಟೇ ಹಿಡಿದು ಕೆಳಕ್ಕೆ ಎಳೆದುಕೊಂಡಿತು.

“ಬೇಡ ಮಗಾ,” ಎಂದಿತು ಒಳಗಿನ ದನಿ. “ಇದು ತೋರಿಸೋದಲ್ಲ.”

ಅಡುಗೆಮನೆಯಿಂದ ಓಡಿ ಬಂದ ಟಿರೇಸಾ ಅವನ ಕೈಮೇಲೆ ಹೊಡೆದಳು. ಫೋನು ಹುಲ್ಲಿನಲ್ಲಿ ಬಿತ್ತು. ಅಲ್ಲಿಂದಲೂ ಸೆಮಿಸಿಯ ದನಿ ಊಸೊ, ಊಸೊ ಅನ್ನುತ್ತಿತ್ತು. “ಅವನು ಮಾಡಿದ್ದಕ್ಕೂ ನೀನು ಈಗ ಮಾಡಿದ್ದಕ್ಕೂ ಏನೋ ವ್ಯತ್ಯಾಸ?” ಎಂದಳು. ಕೂಗಲಿಲ್ಲ. ಕೂಗಿದ್ದರೆ ಅವನು ತಿರುಗಿ ಕೂಗಬಹುದಿತ್ತು.

ಲಾಫಾ ಫೋನು ಆರಿಸಿದ. ಕೆನ್ನೆ ಉರಿಯುತ್ತಿತ್ತು, ಹೊಡೆತ ಬಿದ್ದದ್ದು ಕೈಗಾದರೂ. ಮುಚ್ಚಿಕೊಂಡು ಕೂತ ಹಿರಿಯರ ಮುಖವನ್ನು ಯಂತ್ರಕ್ಕೆ ಹಿಡಿದುಕೊಡಲು ಹೋಗಿದ್ದ, ಅದೂ ತನ್ನ ಅಂಗಳದಲ್ಲಿ. ಸೆಮಿಸಿಗೆಂದು ಆರಿಸಿಟ್ಟ ಬೈಗುಳಗಳೆಲ್ಲ ತನ್ನ ಮೈಗೇ ಸರಿಯಾಗಿ ಹೊಂದುತ್ತಿದ್ದವು. ಆ ಸಿಟ್ಟಿನಲ್ಲೇ, ಮನಸ್ಸು ಕರಗಿ ಅಲ್ಲವೇ ಅಲ್ಲ, ಎರಡೂ ಕೈಯಲ್ಲಿ ಚಾಪೆ ಹಿಡಿದು ಎತ್ತಿಬಿಟ್ಟ.

ಬೆಳಕಿಗೆ ಫಾಲೆನಿಕೊ ಕಣ್ಣು ಕಿರಿದು ಮಾಡಿದರು. ಮುಖವೆಲ್ಲ ಬೆವರು. ಏಳಲಾಗಲಿಲ್ಲ. ಲಾಫಾ ಕಂಕುಳಿಗೆ ಕೈ ಕೊಟ್ಟು ಎತ್ತಿದ.

“ಇದು ನಿಮಗಾಗಿ ಮಾವ,” ಎಂದ. “ಅವನಿಗಲ್ಲ.”

“ಹಾಗೆ ಪಾಲು ಮಾಡೋಕೆ ಬರಲ್ಲ ಮಗಾ. ಎತ್ತಿದ್ದು ಎತ್ತಿದ್ದೇ,” ಎಂದರು ಅವರು ಏದುಸಿರಿನಲ್ಲಿ.

ಮೇಜಿನ ಮೇಲೆ ಟಿರೇಸಾ ಬಿಸಿ ಕೋಕೋ, ತೆಂಗಿನ ಹಾಲಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆ ಇಟ್ಟಳು. ಲೂಪೆ ಅಪ್ಪನ ಕಾಲನ್ನು ಸ್ಟೂಲಿನ ಮೇಲಿಟ್ಟು ಬ್ಯಾಂಡೇಜು ಬಿಚ್ಚಿದಳು. ಚಾಪೆಯನ್ನು ಮಡಿಸಿ ಅಜ್ಜಿಯ ಫೋಟೋದ ಕೆಳಗೆ ಇಟ್ಟಿದ್ದರು. ಲಾಫಾ ತಟ್ಟೆ ಮುಟ್ಟಲಿಲ್ಲ. ಯಾರೂ ಹಾಡಿನ ಮಾತು ಆಡಲಿಲ್ಲ. ಆಡುವ ಹಾಗಿರಲಿಲ್ಲ.

ಆಗ ಬೀದಿಯ ತುದಿಯಿಂದ ಬಂತು. ಫೆ-ಫೆ-ಫೆಟು. ಫೆ-ಫೆ-ಫೆಟು. ಮೂರು ಸೈಕಲ್ಲು, ಹನ್ನೆರಡು ಹಾರ್ನು. ಕಿಟಕಿಯ ಗಾಜು ಜುಮ್ಮೆಂದಿತು. ಸೈಕಲ್ಲಿನ ಹುಡುಗಿಯರು ಮನೆಯ ಮುಂದೆ ನಿಧಾನ ಮಾಡಿದರು. “ಲಾಫಾಣ್ಣಾ! ನಿಮ್ಮಜ್ಜಿ ಸೂಪರ್!” ಎಂದು ಒಬ್ಬಳು ಕೈ ಬೀಸಿದಳು.

ಲಾಫಾ ಎದ್ದವನು ನೆನಪಾಗಿ ಕೂತ. ಚಾಪೆ ಎತ್ತಿದ ಮೇಲೆ ಅವನ ಬಾಯಿಗೆ ಬೀಗ.

ಫಾಲೆನಿಕೊ ಕೋಕೋದ ಬಟ್ಟಲನ್ನು ಅರ್ಧಕ್ಕೇ ಹಿಡಿದಿದ್ದರು. “ಏನದು?”

ಟಿರೇಸಾ ಎದ್ದು ಕಿಟಕಿ ಮುಚ್ಚಿದಳು.

“ಇದಾ? ಇದೇನಾ ಆ ಹಾಡು?” ಬಟ್ಟಲು ಮೇಜಿಗೆ ತಗುಲಿ ಚೆಲ್ಲಿತು. “ನನಗೆ ಅವನು ಯಾವುದೋ ಹಳೇ ಚರ್ಚಿನ ಹಾಡು ಅಂದ. ಕೇಳದೆ ಹಾಕಿದೆ, ಅವರಿಗೆ ಬೇಜಾರಾಯ್ತು ಅಂದ. ಫೆಟು… ಆ ಮಗೂನ ಮಣ್ಣಿಗೆ ಒಯ್ದ ಪೆಟ್ಟಿಗೇನ ಹೊತ್ತಿದ್ದು ನಾನು. ಒಂಬತ್ತು ವರ್ಷ ನನಗೆ. ಬಿಸ್ಕತ್ತಿನ ಮರದ ಪೆಟ್ಟಿಗೆ. ನಿಮ್ಮಮ್ಮ ಹಿಂದೆ ಬರ್ತಾ ಇದನ್ನೇ ಗುನುಗ್ತಿದ್ಲು, ಟಿರೇಸಾ. ನಮ್ಮೂರಲ್ಲಿ ಯಾರೂ ಅದನ್ನ ಮತ್ತೆ ಬಾಯಿಗೆ ತಗೊಂಡಿಲ್ಲ. ಅದನ್ನ ಕುಣಿಯೋಕೆ ಹಾಕಿದಾನಾ?”

“ಅಪ್ಪಾ, ಕೂತ್ಕೋ,” ಎಂದಳು ಲೂಪೆ.

“ಫೋನ್ ಹಚ್ಚು.”

ಸೆಮಿಸಿ ಮೊದಲ ಗಂಟೆಗೇ ಎತ್ತಿದ. “ಮಾವಾ! ಎತ್ತಿದ್ನಾ? ಮುಗೀತಾ?”

“ಅವರದ್ದು ಮುಗೀತು,” ಎಂದರು ಫಾಲೆನಿಕೊ. ದನಿ ಒಣಗಿತ್ತು. “ನನ್ನದು ಈಗ ಶುರು. ಯಾವುದಕ್ಕೆ ಮಂಡಿ ಊರ್ತಿದೀನಿ ಅಂತಾನೂ ನನಗೆ ಹೇಳ್ದೆ ಮಂಡಿ ಊರಿಸ್ದೆ. ಹಾಡು ತೆಗೆಸು. ಇವತ್ತೇ ವಿಮಾನ ಹತ್ತು.”

“ಮಾವ, ಶನಿವಾರ ಶೋ, ಸಹಿ ಹಾಕಿದೀನಿ, ತೆಗೆಸೋದು ನನ್ನ ಕೈಲಿಲ್ಲ…”

“ಕೊಡೋದು ನಿನ್ನ ಕೈಲಿತ್ತಾ?”

ಫಾಲೆನಿಕೊ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಎಂಟು ದಿನದಲ್ಲಿ ಮೊದಲ ಸಲ ಲಾಫಾನಿಗೆ ತನ್ನ ಸಿಟ್ಟು ಒಂಟಿ ಅನ್ನಿಸಲಿಲ್ಲ. ಅವನು ತಟ್ಟೆ ಹತ್ತಿರ ಎಳೆದುಕೊಂಡು, ತಣ್ಣಗಾದ ಗೆಡ್ಡೆಯನ್ನು ಮುರಿದು ಬಾಯಿಗಿಟ್ಟ.

ಹೊರಡುವಾಗ ಲೂಪೆ ಅಭ್ಯಾಸಬಲದಿಂದ ಚಾಪೆಯ ಕಡೆ ನೋಡಿದಳು. ಫಾಲೆನಿಕೊ ತಲೆಯಾಡಿಸಿದರು. “ಅದು ಇಲ್ಲಿಂದು. ನಮ್ಮನೇಲಿ ಇನ್ನೊಂದಿಲ್ಲ. ಸೆಮಿಸಿ ಬಂದ್ರೆ ಚಾಪೆ ಇಲ್ದೆ ಬರಿತಲೇಲಿ ಕೂರ್ತಾನೆ.”

ವ್ಯಾನು ತಿರುವಿನಲ್ಲಿ ಮರೆಯಾಯಿತು. ಹುಲ್ಲಿನಲ್ಲಿ ಎರಡು ಮಂಡಿಯ ಗುಳಿಗಳು ನೀರು ತುಂಬಿಕೊಂಡು ಹಾಗೇ ಇದ್ದವು. ಟಿರೇಸಾ ಬಾಗಿಲಿಗೆ ಒರಗಿ ನಿಂತು ಕೇಳಿದಳು:

“ಅವನು ಬಂದ್ರೆ ಏನ್ ಮಾಡ್ತೀಯೋ? ಎತ್ತುತ್ತೀಯಾ?”

“ಏನನ್ನಮ್ಮಾ ಎತ್ತಲಿ?” ಎಂದ ಲಾಫಾ, ಗ್ಯಾರೇಜಿನ ಕಡೆ ನಡೆಯುತ್ತ. “ಅವನ ತಲೆ ಮೇಲೆ ಚಾಪೆನೇ ಇರಲ್ವಲ್ಲ.”