ಐದನೆಯ ತೊಟ್ಟಿಯ ಪರದೆ

ಗಿಳಿಮೀನು ನಿದ್ದೆಗೆ ಮುಂಚೆ ಬಾಯಿಂದ ಲೋಳೆ ಬಿಟ್ಟು ಮೈಸುತ್ತ ಸೊಳ್ಳೆಪರದೆ ಕಟ್ಟಿಕೊಳ್ಳುತ್ತದೆ. ಒಳಗೆ ಕಣ್ಣು ತೆರೆದೇ ಮಲಗಿರುತ್ತದೆ. ಹಸಿರು ಮೈಮೇಲೆ ನೀರಿನ ಬೆಳಕು ತೇಲುತ್ತಿದ್ದರೆ ನೋಡುವವರಿಗೂ ಜೊಂಪು ಹತ್ತುತ್ತದೆ. ಮೀನಿಗೆ ಎಚ್ಚರವಾಗದಂತೆ ಆ ಪರದೆ ಸರಿಸುವುದು ನನ್ನ ಕೆಲಸ. ನಮ್ಮ ನೆಗ್ರೋಸ್ ದ್ವೀಪದ ಈ ಕಡಲ ಕೇಂದ್ರದಲ್ಲಿ ಓದಿದವರು ಬೇಕಾದಷ್ಟಿದ್ದಾರೆ, ಇಷ್ಟು ಹಗುರ ಕೈಯವಳು ನಾನೊಬ್ಬಳೇ. ಜಂಬವೆಂದರೆ ಜಂಬ.

ಹವಳದ ಸಂದಿಯಲ್ಲಿ ರಕ್ತ ಹೀರುವ ಹುಳಗಳಿವೆ, ಸಾಸಿವೆಗಿಂತ ಚಿಕ್ಕವು. ಪರದೆ ಅವುಗಳಿಂದ ಮೀನನ್ನು ಕಾಯುತ್ತದೆಯೇ? ಡಾಕ್ಟರ್ ಮಾರಿವಿಕ್ ಮೂರು ವರ್ಷದಿಂದ ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಹತ್ತು ತೊಟ್ಟಿ, ಹತ್ತು ಮೀನು. ಐದರ ಪರದೆ ತೆಗೆದು, ಎಲ್ಲದಕ್ಕೂ ಹುಳ ಬಿಟ್ಟು, ಎಷ್ಟು ಹುಳಗಳ ಹೊಟ್ಟೆ ಕೆಂಪಾಯಿತೆಂದು ಬೆಳಗ್ಗೆ ಎಣಿಸಬೇಕು. ಆ ರಾತ್ರಿಯದು ಕೊನೆಯ ಪರೀಕ್ಷೆ.

ನಾಲ್ಕು ಪರದೆ ತೆಗೆದೆ. ಐದನೆಯದಕ್ಕೆ ಕೈ ಬರಲಿಲ್ಲ. ಎಲ್ಲಕ್ಕಿಂತ ಸಣ್ಣ ಮೀನು ಅದು, ಪಕ್ಕಕ್ಕೆ ವಾಲಿಕೊಂಡು ಮಲಗಿತ್ತು. ನನ್ನ ಮಗಳು ಲೂರಿಂಗ್ ಹಾಗೇ ಮಲಗುತ್ತಿದ್ದಳು. ಹಾಲುಮೀನಿನ ಮರಿಗಳು ದಡಕ್ಕೆ ಬರುವ ತಿಂಗಳಲ್ಲಿ ನಮ್ಮೂರಿನವರು ಸೊಳ್ಳೆಪರದೆ ಬಿಚ್ಚಿ, ಬಿದಿರಿಗೆ ಕಟ್ಟಿ ಕಡಲಿಗಿಳಿಯುತ್ತಾರೆ. ಅಷ್ಟು ಸಣ್ಣ ಕಣ್ಣಿನ ಬಲೆ ಬೇರೆಲ್ಲಿ ಸಿಗಬೇಕು? ನಾನೂ ಬಿಚ್ಚಿದೆ. ಮಗಳಿಗೆ ಡೆಂಗಿ ಬಂತು. ಆರು ವರ್ಷ ಅವಳಿಗೆ, ಉಳಿಯಲಿಲ್ಲ.

ಪರದೆ ಹಾಗೇ ಬಿಟ್ಟು, ತೆಗೆದೆ ಎಂದು ಬರೆದೆ.

ಬೆಳಗಾಗುವ ಹೊತ್ತಿಗೆ ಪರದೆಗಳೆಲ್ಲ ನೀರಲ್ಲಿ ಕರಗಿಹೋಗಿದ್ದವು. ಡಾಕ್ಟರು ಐದನೆಯ ತೊಟ್ಟಿಯ ನೀರು ಸೋಸಿ ಸಪ್ಪಗಾದರು.

"ನಾಂಗ್ ಬಸಿಂಗ್, ಇದೇನಿದು? ಪರದೆ ಇಲ್ಲ, ಆದ್ರೂ ಒಂದ್ ಹುಳಾನೂ ಕಚ್ಚಿಲ್ಲ! ಹಂಗಾದ್ರೆ ನಾನು ಅಂದ್ಕೊಂಡಿದ್ದೇ ತಪ್ಪಾ?"

ನಾಂಗ್ ಎಂದರೆ ಅಕ್ಕ. ಅಕ್ಕ ಎಂದವರಿಗೆ ಎಷ್ಟು ಹೊತ್ತು ಸುಳ್ಳು ಹೇಳಲಿ?

"ತಪ್ಪು ನಿಮ್ದಲ್ಲ ಡಾಕ್. ನಾನು ತೆಗೀಲೇ ಇಲ್ಲ."

ಅವರ ಪೆನ್ಸಿಲ್ ಗೋಡೆಗೆ ಬಡಿಯಿತು. "ನಿಮ್ಮ ಕರುಣೆಗೆ ನನ್ನ ಮೂರು ವರ್ಷಾನೇ ಬೇಕಿತ್ತಾ? ನೀವು ಬಾಯಿ ಬಿಡ್ದೇ ಇದ್ದಿದ್ರೆ ನಾನು ಸುಳ್ಳನ್ನೇ ಅಚ್ಚು ಹಾಕಿಸ್ತಿದ್ದೆ!"

ಲೂರಿಂಗಳ ವಿಷಯ ಹೇಳಿದೆ. ಅವರು ಬಗ್ಗಿ ಪೆನ್ಸಿಲ್ ಎತ್ತಿಕೊಂಡರು.

"ಒಂದಿನ ಕಚ್ಚಿಸ್ಕೊಂಡ್ರೆ ಇದು ಸಾಯಲ್ಲ ನಾಂಗ್. ಹತ್ತನ್ನೂ ಇವತ್ತೇ ಮತ್ತೆ ಮಾಡೋಣ. ಕೈ ಮಾತ್ರ ನಿಮ್ದೇ ಬೇಕು."

ಅಂದು ರಾತ್ರಿ ಐದನ್ನೂ ತೆಗೆದೆ. ಸಣ್ಣ ಮೀನು ಕದಲಲಿಲ್ಲ. ಬೆಳಗ್ಗೆ ಅದರ ತೊಟ್ಟಿಯಲ್ಲಿ ಹನ್ನೊಂದು ಹುಳಗಳ ಹೊಟ್ಟೆ ಕೆಂಪಾಗಿತ್ತು. ಡಾಕ್ಟರು ನನ್ನನ್ನು ತಬ್ಬಿಕೊಂಡರು.

ಮರುದಿನ ಮುಸ್ಸಂಜೆ ಕೆಲಸವಿಲ್ಲದಿದ್ದರೂ ಐದನೆಯ ತೊಟ್ಟಿಯ ಬಳಿ ಹೋಗಿ ಕೂತೆ. ಮೀನಿನ ಬಾಯಿಂದ ಪರದೆ ಎದ್ದಿತು, ಕೆನ್ನೆ ದಾಟಿತು, ಮೆಲ್ಲಗೆ ಬಾಲದವರೆಗೂ ಹೋಯಿತು. ಅದಕ್ಕೆ ಯಾರೂ ಬೇಕಿಲ್ಲ, ಪರದೆ ಅದರ ಬಾಯಲ್ಲೇ ಇದೆ. ನನ್ನ ಲೂರಿಂಗಳಿಗೆ ನಾನೊಬ್ಬಳೇ ಇದ್ದೆ.